ಪೆಟ್ರೋಲ್ ಪಿಕಪ್ಪಿನ ಹಿಂದೊಂದು ಮನೆ

ಕರ್ನಾಟಕದಲ್ಲಿ ಬೆಳೆದವರಿಗೆ ಭಾರ ಎಳೆಯುವ ಗಾಡಿ ಎಂದರೆ ಡೀಸೆಲ್ ಗಾಡಿಯೇ. ಲಾರಿ, ಬಸ್ಸು, ಟ್ರ್ಯಾಕ್ಟರು, ಮಾರುಕಟ್ಟೆಗೆ ಟೊಮೆಟೊ ಸಾಗಿಸುವ ಪಿಕಪ್ಪು ಎಲ್ಲವೂ ಡೀಸೆಲ್ ಕುಡಿದೇ ದುಡಿಯುತ್ತವೆ. ಪೆಟ್ರೋಲ್ ಏನಿದ್ದರೂ ಸ್ಕೂಟರಿಗೆ, ಮನೆಮಂದಿ ಓಡಾಡುವ ಕಾರಿಗೆ. ಅಮೆರಿಕದಲ್ಲಿ ಹಾಗಲ್ಲ. ಇಲ್ಲಿ ಮನೆಗಳ ಮುಂದೆ ನಿಂತಿರುವ ಪಿಕಪ್ ಟ್ರಕ್ಕುಗಳಲ್ಲಿ ಹೆಚ್ಚಿನವು ಪೆಟ್ರೋಲಿನವು.

ಕೊಲರಾಡೊದ ಡೆನ್ವರ್ ಬಳಿ ನೆಲೆಸಿ, ಮಕ್ಕಳು ತುಸು ದೊಡ್ಡವರಾದ ಮೇಲೆ ನಮಗೂ ಕ್ಯಾಂಪರ್ ಹುಚ್ಚು ಹತ್ತಿತು. ಹಾಸಿಗೆ, ಒಲೆ, ಫ್ರಿಜ್ಜು, ಬಚ್ಚಲು ಎಲ್ಲ ಇದ್ದು, ಗಾಡಿಯ ಹಿಂದೆ ಸಿಕ್ಕಿಸಿಕೊಂಡು ಎಳೆದೊಯ್ಯುವ ಗಾಲಿಯ ಮೇಲಿನ ಮನೆ ಅದು. ನಮ್ಮ ಬಳಿ ಆಗಲೇ ಒಂದು ಹಾಫ್‌ಟನ್ ಎಂಬ ಹಗುರ ವರ್ಗದ ಪಿಕಪ್ ಇತ್ತು: 5.3 ಲೀಟರಿನ, ಟರ್ಬೊ ಇಲ್ಲದ ಪೆಟ್ರೋಲ್ ವಿ-8. ಇದು ಎಳೆಯುತ್ತದೆಯೋ, ಡೀಸೆಲ್ಲೇ ಬೇಕೋ ಎಂದು ಕಂಡಕಂಡವರನ್ನೆಲ್ಲ ಕೇಳಿದೆ. ಡೀಸೆಲ್ ಇದ್ದವರು ಡೀಸೆಲ್ಲೇ ಬೇಕೆಂದರು, ಪೆಟ್ರೋಲ್ ಇದ್ದವರು ಪೆಟ್ರೋಲ್ ಸಾಕೆಂದರು. ದುಡ್ಡು ಉಳಿಯುವ ಉತ್ತರವನ್ನು ನಾನು ಒಪ್ಪಿಕೊಂಡೆ.

ಈಗ ಹಿಂದಿರುಗಿ ನೋಡಿದರೆ, ಟ್ಯಾಂಕಿಗೆ ಏನು ಸುರಿಯಬೇಕು ಎಂಬ ಬಗ್ಗೆ ಪಟ್ಟ ಚಿಂತೆಯಲ್ಲಿ ಕಾಲುಭಾಗವನ್ನಾದರೂ ತೂಕ, ಇಳಿಜಾರು, ಗಾಳಿಗಳ ಬಗ್ಗೆ ಪಡಬೇಕಿತ್ತು. ನಾನು ಮೆಕ್ಯಾನಿಕ್ ಅಲ್ಲ. ವಾರವೆಲ್ಲ ಕಂಪ್ಯೂಟರ್ ಮುಂದೆ ಕೂತು ರಜೆಯಲ್ಲಿ ಗಾಡಿ ಎಳೆಯುವವನು. ಎಡವಿದ ಜಾಗಗಳನ್ನಷ್ಟೇ ಇಲ್ಲಿ ಗುರುತು ಹಾಕಿಟ್ಟಿದ್ದೇನೆ.

1. ಬ್ರೋಷರಿನ ಅಂಕಿ ನಿಮ್ಮ ಗಾಡಿಯದ್ದೇ ಎಂದು ನಂಬಬೇಡಿ

ನನ್ನ ಮಾದರಿಯ ಗಾಡಿ 11,000 ಪೌಂಡಿಗೂ ಮಿಕ್ಕಿ ಎಳೆಯುತ್ತದೆ ಎಂದು ಬ್ರೋಷರಿನಲ್ಲಿ ಓದಿ, ಅದನ್ನೇ ಊರೆಲ್ಲ ಹೇಳಿಕೊಂಡು ಬಂದೆ. ಆ ಸಾಲಿನ ಕೆಳಗೆ ಸಣ್ಣಕ್ಷರದಲ್ಲಿ ಇದ್ದದ್ದನ್ನು ಓದಿದ್ದು ಕ್ಯಾಂಪರಿಗೆ ಮುಂಗಡ ಕೊಟ್ಟ ಮೇಲೆ. ನನ್ನ ಗಾಡಿಯ ಮಿತಿ 9,300 ಪೌಂಡ್, ಅಂದರೆ ಸುಮಾರು 4,200 ಕೆಜಿ. ಫೋರ್ ವೀಲ್ ಡ್ರೈವ್ ಇದೆಯೇ, ಕ್ಯಾಬಿನ್ ಎಷ್ಟು ದೊಡ್ಡದು, ಟೋಯಿಂಗ್ ಪ್ಯಾಕೇಜ್ ಹಾಕಿಸಿದ್ದೀರಾ, ಹಿಂದಿನ ಆಕ್ಸಲ್ಲಿನ ಗೇರ್ ಅನುಪಾತ ಎಷ್ಟು ಎಂಬುದರ ಮೇಲೆ ಒಂದೇ ಎಂಜಿನ್ನಿನ ಗಾಡಿಗಳಲ್ಲೂ ಸಾವಿರಾರು ಪೌಂಡ್ ಹೆಚ್ಚುಕಡಿಮೆಯಾಗುತ್ತದೆ.

ಪೆಟ್ರೋಲ್ ಗಾಡಿಯಲ್ಲಿ ಆಕ್ಸಲ್ ಅನುಪಾತಕ್ಕೆ ಇನ್ನೂ ಹೆಚ್ಚಿನ ಬೆಲೆ. ಡೀಸೆಲ್ ಎಂಜಿನ್ 1,800 ಆರ್‌ಪಿಎಂ ಆಸುಪಾಸಿನಲ್ಲೇ ತನ್ನ ಪೂರ್ತಿ ಟಾರ್ಕ್, ಅಂದರೆ ತಿರುಗಿಸುವ ಬಲ, ಕೊಡುತ್ತದೆ. ನನ್ನ ವಿ-8 ಅದಕ್ಕಾಗಿ 4,000ದ ಹತ್ತಿರ ಹೋಗಬೇಕು. 3.23ರ ಬದಲು 3.73 ಅನುಪಾತ ಇದ್ದರೆ ಚಕ್ರಕ್ಕೆ ಅದೇ ಎಂಜಿನ್ನಿನಿಂದ ಹೆಚ್ಚು ಬಲ ಸಿಗುತ್ತದೆ, ಬದಲಿಗೆ ಖಾಲಿ ಓಡುವಾಗ ತುಸು ಹೆಚ್ಚು ಪೆಟ್ರೋಲ್ ಖರ್ಚಾಗುತ್ತದೆ.

ಈ ಮಿತಿಗಳನ್ನು ಕಂಪನಿಗಳು ಈಗ ಎಸ್‌ಎಇ ಜೆ2807 ಎಂಬ ಮಾನದಂಡದ ಪ್ರಕಾರ ನಿಗದಿಪಡಿಸುತ್ತವೆ. ಅದರಂತೆ ಗಾಡಿ ಭಾರ ಎಳೆದುಕೊಂಡು ಅರಿಜೋನಾದ ಡೇವಿಸ್ ಡ್ಯಾಮ್ ಏರಿನಲ್ಲಿ, 11.4 ಮೈಲಿ ಉದ್ದಕ್ಕೂ, ಸುಡುಬಿಸಿಲಿನಲ್ಲಿ, ಎಸಿ ಹಾಕಿಕೊಂಡೇ ಹತ್ತಬೇಕು. ನನ್ನದರಂಥ ಗಾಡಿಯ ವೇಗ ಗಂಟೆಗೆ 40 ಮೈಲಿಗಿಂತ ಇಳಿಯಬಾರದು. ಕಠಿಣ ಪರೀಕ್ಷೆಯೇ. ಆದರೆ ಅದರ ಲೆಕ್ಕದಲ್ಲಿ ಗಾಡಿಯೊಳಗೆ ಇರುವುದು ತಲಾ 150 ಪೌಂಡಿನ, ಅಂದರೆ 68 ಕೆಜಿಯ ಇಬ್ಬರು ಮಾತ್ರ. ನಮ್ಮ ಮನೆಯಲ್ಲಿ ಆ ತೂಕಕ್ಕೆ ಧೈರ್ಯವಾಗಿ ಒಳಪಡುವವರು ಮಕ್ಕಳಿಬ್ಬರೇ.

2. ಎಳೆಯುವ ಮಿತಿಗಿಂತ ಮೊದಲು ಹೊರುವ ಮಿತಿ ಮುಗಿಯುತ್ತದೆ

ಚಾಲಕನ ಬಾಗಿಲು ತೆರೆದರೆ ಚೌಕಟ್ಟಿನ ಮೇಲೆ ಹಳದಿ ಅಂಚಿನ ಒಂದು ಸ್ಟಿಕ್ಕರ್ ಇರುತ್ತದೆ. ಜನ ಮತ್ತು ಸಾಮಾನು ಸೇರಿ ಇಷ್ಟನ್ನು ಮೀರಬಾರದು ಎಂದು ಅದರಲ್ಲಿ ಬರೆದಿರುತ್ತದೆ. ಅದೇ ಪೇಲೋಡ್. ಆ ಬಾಗಿಲನ್ನು ದಿನಾ ತೆಗೆದು ಹಾಕುತ್ತಿದ್ದೆ. ಸ್ಟಿಕ್ಕರ್ ಮಾತ್ರ ಓದಿರಲಿಲ್ಲ. ನನ್ನದರಲ್ಲಿ 1,480 ಪೌಂಡ್ ಎಂದಿದೆ, ಸುಮಾರು 670 ಕೆಜಿ.

ಸಾಕಷ್ಟಾಯಿತಲ್ಲ ಅನಿಸಬಹುದು. ಲೆಕ್ಕ ಹಾಕಿ ನೋಡೋಣ. ಸಾಮಾನು ತುಂಬಿದ ನಮ್ಮ ಕ್ಯಾಂಪರ್ 6,500 ಪೌಂಡ್. ಇಂಥ ಟ್ರೈಲರಿನ ತೂಕದಲ್ಲಿ ಶೇಕಡಾ 10ರಿಂದ 15ರಷ್ಟು ಮುಂದಿನ ಮೂತಿಯ ಮೂಲಕ ಪಿಕಪ್ಪಿನ ಮೇಲೆಯೇ ಕೂರಬೇಕು. ಶೇಕಡಾ 12 ಹಿಡಿದರೆ 780 ಪೌಂಡ್. ಟ್ರೈಲರ್ ಸಿಕ್ಕಿಸುವ ಕೊಂಡಿ, ಅಂದರೆ ಹಿಚ್, 90. ಗಂಡ ಹೆಂಡತಿ 310. ಮಕ್ಕಳು 150. ಹಿಂದಿನ ತೊಟ್ಟಿಯಲ್ಲಿ ಸೈಕಲ್ಲು, ಐಸ್ ಪೆಟ್ಟಿಗೆ, ಸೌದೆ, ಅಕ್ಕಿ ಬೇಳೆ ಸೇರಿ 200. ಒಟ್ಟು 1,530. ಎಳೆಯುವ ಮಿತಿಯಲ್ಲಿ ಇನ್ನೂ 2,800 ಪೌಂಡ್ ಬಾಕಿ ಇದೆ, ಹೊರುವ ಮಿತಿ ಆಗಲೇ 50 ಪೌಂಡ್ ದಾಟಿದೆ.

ಇಲ್ಲೊಂದು ಸ್ವಾರಸ್ಯವಿದೆ. ಡೀಸೆಲ್ ಎಂಜಿನ್ ಪೆಟ್ರೋಲಿನದಕ್ಕಿಂತ ನೂರಾರು ಪೌಂಡ್ ಭಾರ. ಒಟ್ಟು ತೂಕದ ಮಿತಿ ಒಂದೇ ಇದ್ದಾಗ ಆ ಹೆಚ್ಚುವರಿ ಭಾರ ಪೇಲೋಡಿನಿಂದಲೇ ಕಳೆದುಹೋಗುತ್ತದೆ. ಹಾಗಾಗಿ ಮುಕ್ಕಾಲು ಟನ್ ವರ್ಗದ ಎಷ್ಟೋ ಗಾಡಿಗಳಲ್ಲಿ ಪೆಟ್ರೋಲ್ ಮಾದರಿಯೇ ಹೆಚ್ಚು ಹೊರುತ್ತದೆ. "ಡೀಸೆಲ್ ತಗೊಂಡಿದ್ದರೆ ಈ ಪಾಡೇ ಇರುತ್ತಿರಲಿಲ್ಲ" ಎಂದು ಕೊರಗುತ್ತಿದ್ದ ನನಗೆ ಇದು ಗೊತ್ತಾದಾಗ ಸಮಾಧಾನವೂ ಆಯಿತು, ನಾಚಿಕೆಯೂ ಆಯಿತು.

3. ಖಾಲಿ ತೂಕ ಕಾಗದದ ಮೇಲಿನ ತೂಕ

ಕ್ಯಾಂಪರಿನ ಮೇಲೆ ಬರೆದಿರುವ ಖಾಲಿ ತೂಕ ಕಾರ್ಖಾನೆಯಿಂದ ಹೊರಟ ದಿನದ್ದು. ಆಮೇಲೆ ಬ್ಯಾಟರಿ ಬರುತ್ತದೆ, ಅಡುಗೆ ಅನಿಲದ ಸಿಲಿಂಡರುಗಳು ತುಂಬುತ್ತವೆ, ಪಾತ್ರೆ ಪಡಗ ಸೇರುತ್ತವೆ. ಒಂದು ಗ್ಯಾಲನ್ ನೀರು 8.3 ಪೌಂಡ್ ತೂಗುತ್ತದೆ. 30 ಗ್ಯಾಲನ್ನಿನ ಟ್ಯಾಂಕ್ ತುಂಬಿಸಿಕೊಂಡು ಹೊರಟರೆ 250 ಪೌಂಡ್ ಬರೀ ನೀರು. ನಾನು ಪ್ರತಿ ಸಲ ಮನೆಯಲ್ಲೇ ತುಂಬಿಸಿ, ನಲ್ಲಿ ಇರುವ ಕ್ಯಾಂಪ್‌ಗ್ರೌಂಡಿಗೆ ಆ ನೀರನ್ನು ಬೆಟ್ಟ ಹತ್ತಿಸಿ ಒಯ್ಯುತ್ತಿದ್ದೆ.

ಹೆದ್ದಾರಿ ಬದಿಯ ದೊಡ್ಡ ಟ್ರಕ್ ಸ್ಟಾಪುಗಳಲ್ಲಿ ಕ್ಯಾಟ್ ಸ್ಕೇಲ್ ಎಂಬ ವೇ ಬ್ರಿಜ್ ಇರುತ್ತದೆ. ಊಟದ ಖರ್ಚಿನಷ್ಟು ಕೊಟ್ಟರೆ ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೈಲರ್ ಆಕ್ಸಲ್ ಮೂರರ ತೂಕವನ್ನೂ ಬೇರೆ ಬೇರೆ ಅಚ್ಚು ಹಾಕಿಕೊಡುತ್ತಾರೆ. ಟ್ರೈಲರ್ ಸಿಕ್ಕಿಸಿಕೊಂಡು ಒಮ್ಮೆ, ಬಿಚ್ಚಿಟ್ಟು ಪಿಕಪ್ ಒಂದನ್ನೇ ಇನ್ನೊಮ್ಮೆ ತೂಗಿದರೆ ಮೂತಿಯ ಭಾರವೂ ಗೊತ್ತಾಗುತ್ತದೆ. ಹದಿನೆಂಟು ಚಕ್ರದ ಲಾರಿಗಳ ಸಾಲಿನಲ್ಲಿ ನಿಲ್ಲಲು ಸಂಕೋಚಪಟ್ಟು ಬಹಳ ಕಾಲ ಆ ಕಡೆ ಸುಳಿದಿರಲಿಲ್ಲ. ಹೋದ ಮೇಲೆ ತಿಳಿಯಿತು, ನಮ್ಮ ಮನೆಯ ಅಂದಾಜೆಲ್ಲ ತಪ್ಪು, ಎಲ್ಲವೂ ಕಡಿಮೆಯ ಕಡೆಗೇ ತಪ್ಪು.

4. ಮುಂಭಾರ ತಪ್ಪಿಸಲು ಹಿಂದಕ್ಕೆ ತುಂಬಬೇಡಿ

ಪೇಲೋಡ್ ಮೀರಿದೆ ಎಂದು ಗೊತ್ತಾದೊಡನೆ ನನಗೊಂದು ಭಾರೀ ಉಪಾಯ ಹೊಳೆಯಿತು. ಸೈಕಲ್ಲುಗಳನ್ನು ಕ್ಯಾಂಪರಿನ ಹಿಂದಿನ ಬಂಪರಿಗೆ ಕಟ್ಟಿದೆ, ಭಾರದ ಡಬ್ಬಗಳನ್ನೆಲ್ಲ ಹಿಂದಿನ ಮಂಚದ ಕೆಳಗೆ ತಳ್ಳಿದೆ. ಮೂತಿ ಹಗುರವಾಯಿತು. ಡೆನ್ವರಿನಿಂದ ಕೊಲರಾಡೊ ಸ್ಪ್ರಿಂಗ್ಸ್ ಕಡೆ ಹೋಗುವ ಐ-25ರಲ್ಲಿ, ಮಾನ್ಯುಮೆಂಟ್ ಹಿಲ್ ದಾಟಿ ಇಳಿಯುವಾಗ ಪಕ್ಕದಿಂದ ಲಾರಿಯೊಂದು ಹಾದುಹೋಯಿತು. ಕ್ಯಾಂಪರ್ ಆ ಕಡೆ ಈ ಕಡೆ ತೂಗಲು ಶುರುಮಾಡಿ ಪಿಕಪ್ಪಿನ ಹಿಂಭಾಗವನ್ನೂ ತನ್ನ ಜೊತೆ ಎಳೆದಾಡಿತು. ನಾನು ಬ್ರೇಕ್ ಒತ್ತಿದೆ, ತೂಗಾಟ ಹೆಚ್ಚಾಯಿತು. ಏರು ಬಂದು ವೇಗ ತಾನಾಗಿ ಇಳಿದದ್ದರಿಂದ ಬಚಾವಾದೆವು.

ಎತ್ತಿನ ಗಾಡಿ ತುಂಬಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ: ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ಎತ್ತು ದಾರಿ ತಪ್ಪುತ್ತದೆ. ತೂಗಾಟ ಬಂದಾಗ ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟಿಯರಿಂಗ್ ನೇರ ಹಿಡಿದು, ಬ್ರೇಕ್ ಕಂಟ್ರೋಲರಿನ ಕೈಗುಂಡಿಯಿಂದ ಟ್ರೈಲರಿನ ಬ್ರೇಕನ್ನಷ್ಟೇ ಒತ್ತಬೇಕು. ಭಾರ ಹಂಚುವ ಹಿಚ್ ಹಾಕಿಸಿದರೆ ಮೂತಿಯ ಭಾರದಲ್ಲಿ ಒಂದಷ್ಟು ಪಿಕಪ್ಪಿನ ಮುಂದಿನ ಚಕ್ರಕ್ಕೂ ಟ್ರೈಲರಿನ ಚಕ್ರಕ್ಕೂ ಹೋಗುತ್ತದೆ. ಹಾಗೆಂದು ಸ್ಟಿಕ್ಕರಿನ ಅಂಕಿ ಬದಲಾಗುವುದಿಲ್ಲ. ಕೊನೆಗೆ ನಾವು ಮಾಡಿದ್ದು ಸರಳ: ಸಾಮಾನು ಕಡಿಮೆ ಮಾಡಿದೆವು.

5. ಎತ್ತರಕ್ಕೆ ಹೋದಂತೆ ಕುದುರೆಗಳು ಕಳೆದುಹೋಗುತ್ತವೆ

ಟರ್ಬೊ ಇಲ್ಲದ ಎಂಜಿನ್ ಪ್ರತಿ 1,000 ಅಡಿ ಎತ್ತರಕ್ಕೆ ಸುಮಾರು ಶೇಕಡಾ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಗಾಳಿ ತೆಳುವಾದಷ್ಟೂ ಒಳಗೆ ಹೋಗುವ ಆಮ್ಲಜನಕ ಕಡಿಮೆ. ನನ್ನ ಗಾಡಿಯ 355 ಹಾರ್ಸ್‌ಪವರ್ ಸಮುದ್ರಮಟ್ಟದ ಲೆಕ್ಕ. 5,280 ಅಡಿ ಎತ್ತರದ ಡೆನ್ವರಿನಲ್ಲಿ ಮನೆಯಿಂದ ಹೊರಡುವಾಗಲೇ ಅದು 300ರ ಹತ್ತಿರ. ಐ-70ರಲ್ಲಿ ಪಶ್ಚಿಮಕ್ಕೆ ಹತ್ತಿ, 11,158 ಅಡಿಯ ಐಸೆನ್‌ಹೋವರ್ ಸುರಂಗ ಮುಟ್ಟುವಷ್ಟರಲ್ಲಿ ಮೂರನೇ ಒಂದು ಭಾಗ ಹೋಗಿರುತ್ತದೆ.

ಡೀಸೆಲ್ ಪಿಕಪ್ಪುಗಳಿಗೆ ಈ ಕಷ್ಟ ಕಡಿಮೆ. ಅದಕ್ಕೆ ಮುಖ್ಯ ಕಾರಣ ಟರ್ಬೊ. ಟರ್ಬೊ ಇರುವ ಪೆಟ್ರೋಲ್ ಎಂಜಿನ್ನುಗಳೂ ಎತ್ತರದಲ್ಲಿ ಚೆನ್ನಾಗಿಯೇ ದುಡಿಯುತ್ತವೆ; ಫೋರ್ಡಿನ 3.5 ಲೀಟರ್ ಇಕೊಬೂಸ್ಟ್ ಅಂಥದ್ದು. ಬೆಟ್ಟದ ನಾಡಿನಲ್ಲಿ ಮನೆ ಮಾಡಿದವನು ಪೆಟ್ರೋಲೋ ಡೀಸೆಲ್ಲೋ ಎನ್ನುವುದರ ಜೊತೆಗೆ ಟರ್ಬೊ ಇದೆಯೋ ಇಲ್ಲವೋ ಎಂದೂ ಕೇಳಬೇಕಿತ್ತು. ನಾನು ಕೇಳಲಿಲ್ಲ. ಈಗ ಸುರಂಗದ ಏರಿನಲ್ಲಿ ಬಲಗಡೆಯ ಸಾಲಿನಲ್ಲಿ, ಲಾರಿಗಳ ಹಿಂದೆ, 40 ಮೈಲಿ ವೇಗದಲ್ಲಿ ಹೋಗುತ್ತೇನೆ. ಆ ಸಾಲಿನವರು ಯಾರೂ ಹಾರ್ನ್ ಹೊಡೆಯುವುದಿಲ್ಲ.

6. ಎಂಜಿನ್ ಕೂಗಿದರೆ ಕೂಗಲಿ ಬಿಡಿ

ಮೊದಮೊದಲು ಏರಿನಲ್ಲಿ ಗಾಡಿ ಎರಡು ಗೇರು ಕೆಳಗಿಳಿದು 4,500 ಆರ್‌ಪಿಎಂಗೆ ಹಾರಿದಾಗ ನನ್ನ ಎದೆ ಹಾರುತ್ತಿತ್ತು. ಏನೋ ಒಡೆದುಹೋಗುತ್ತದೆ ಎಂದು ಆಕ್ಸಿಲರೇಟರ್ ಸಡಿಲಿಸುತ್ತಿದ್ದೆ. ಗೇರು ಮೇಲಕ್ಕೆ ಹೋಗುತ್ತಿತ್ತು, ವೇಗ ಬೀಳುತ್ತಿತ್ತು, ಮತ್ತೆ ಒತ್ತುತ್ತಿದ್ದೆ, ಮತ್ತೆ ಕೆಳಗಿಳಿಯುತ್ತಿತ್ತು. ಎಂಜಿನ್ನನ್ನು ಕಾಪಾಡುತ್ತಿದ್ದೇನೆಂಬ ಭ್ರಮೆಯಲ್ಲಿ ಟ್ರಾನ್ಸ್‌ಮಿಷನ್ನನ್ನು ಕಾಯಿಸುತ್ತಿದ್ದೆ. ಮೀಟರಿನಲ್ಲಿ ಅದರ ಎಣ್ಣೆಯ ಉಷ್ಣತೆ ಏರುವುದನ್ನು ಮೊದಲು ಗಮನಿಸಿದ್ದು ನನ್ನ ಹೆಂಡತಿ.

ಪೆಟ್ರೋಲ್ ಎಂಜಿನ್ ಕಟ್ಟಿರುವುದೇ ಹಾಗೆ; ಅದರ ಬಲವಿರುವುದು ಮೇಲಿನ ಆರ್‌ಪಿಎಂನಲ್ಲಿ. ಭಾರ ಎಳೆಯಲೆಂದೇ ಇರುವ ಟೋ/ಹಾಲ್ ಮೋಡ್ ಒತ್ತಿ, ಬೇಕಾದರೆ ಗೇರನ್ನು ಕೈಯಿಂದಲೇ ಹಿಡಿದಿಟ್ಟು, ಒಂದೇ ವೇಗದಲ್ಲಿ ಹತ್ತಿಸಿದರೆ ಅದು ಗಂಟಲು ಹರಿಯುವಂತೆ ಕೂಗುತ್ತಲೇ ನೆಮ್ಮದಿಯಾಗಿ ಹತ್ತುತ್ತದೆ. ಡೀಸೆಲ್ ಇದೇ ಏರನ್ನು ಅರ್ಧದಷ್ಟು ಆರ್‌ಪಿಎಂನಲ್ಲಿ ಹತ್ತುವುದರಿಂದ ಒಳಗೆ ಕೂತವರು ಮಾತಾಡಿಕೊಂಡು ಹೋಗಬಹುದು. ನಮ್ಮಲ್ಲಿ ಏರು ಬಂದಾಗ ಮಾತು ನಿಲ್ಲುತ್ತದೆ, ಇಳಿದ ಮೇಲೆ ಮುಂದುವರಿಯುತ್ತದೆ. ಸದ್ದು ತಡೆಯಲಾಗದವರು ಇದನ್ನು ಗಂಭೀರವಾಗಿಯೇ ಯೋಚಿಸಬೇಕು, ಏಕೆಂದರೆ ದಿನವಿಡೀ ಬೆಟ್ಟದಲ್ಲಿ ಓಡಿಸಿದರೆ ದಣಿವಾಗುವುದು ಕಿವಿಗೇ.

7. ಡೀಸೆಲ್ಲಿನ ಹೆಚ್ಚುಗಾರಿಕೆ ಇಳಿಯುವಾಗ ಗೊತ್ತಾಗುತ್ತದೆ

ಹತ್ತುವಾಗ ಶಕ್ತಿ ಸಾಲದಿದ್ದರೆ ನಿಧಾನವಾಗುತ್ತದೆ, ಅಷ್ಟೆ. ಇಳಿಯುವಾಗ ಬ್ರೇಕ್ ಸಾಲದಿದ್ದರೆ ಕಥೆಯೇ ಬೇರೆ. ಐಸೆನ್‌ಹೋವರ್ ಸುರಂಗ ದಾಟಿದ ಮೇಲೆ ಸಿಲ್ವರ್‌ಥಾರ್ನ್ ಊರಿನವರೆಗೆ ಶೇಕಡಾ 7ರಷ್ಟು ಇಳಿಜಾರು. ಬ್ರೇಕ್ ಕೈಕೊಟ್ಟ ಲಾರಿಗಳು ಹತ್ತಿ ನಿಲ್ಲಲೆಂದು ಪಕ್ಕದಲ್ಲಿ ಜಲ್ಲಿ ತುಂಬಿದ ಏರುದಾರಿಗಳನ್ನೇ ಮಾಡಿಟ್ಟಿದ್ದಾರೆ. ಅಲ್ಲಿ ಒಮ್ಮೆ ನಾನು ಬ್ರೇಕ್ ಮೇಲೆ ಕಾಲಿಟ್ಟವನು ಊರು ಬರುವವರೆಗೂ ತೆಗೆಯಲಿಲ್ಲ. ಸುಟ್ಟ ವಾಸನೆ ಮೂಗಿಗೆ ಬಡಿಯಿತು.

ಪಕ್ಕದಲ್ಲಿ ಕೂತಿದ್ದವರು ಹಾಸನದಿಂದ ಬಂದಿದ್ದ ಅಪ್ಪ. ಶಿರಾಡಿ ಘಾಟಿಯಲ್ಲಿ ಎಷ್ಟೋ ವರ್ಷ ಓಡಾಡಿದವರು. "ಹತ್ತಿದ ಗೇರಲ್ಲೇ ಇಳೀಬೇಕು ಕಣೋ" ಎಂದರು. "ಇದು ಆಟೊಮ್ಯಾಟಿಕ್ ಅಪ್ಪ, ಗೇರು ಅದೇ ನೋಡ್ಕೊಳುತ್ತೆ" ಎಂದೆ. "ಅದು ನೋಡ್ಕೊಂಡಿದ್ರೆ ಈ ವಾಸನೆ ಯಾಕೆ ಬರ್ತಿತ್ತು?" ಎಂದರು. ಉತ್ತರ ಇರಲಿಲ್ಲ.

ಇಳಿಜಾರು ಶುರುವಾಗುವ ಮುನ್ನವೇ ವೇಗ ಇಳಿಸಿ, ಗೇರನ್ನು ಕೈಯಿಂದ ಕೆಳಕ್ಕೆ ತಂದು, ಎಂಜಿನ್ನೇ ತಡೆಹಿಡಿಯುವಂತೆ ಮಾಡಬೇಕು. ವೇಗ ಏರಿದಾಗ ಬ್ರೇಕನ್ನು ಗಟ್ಟಿಯಾಗಿ ಒತ್ತಿ, ಸಾಕಷ್ಟು ಇಳಿದೊಡನೆ ಬಿಟ್ಟು, ಆರಲು ಸಮಯ ಕೊಡಬೇಕು. ಡೀಸೆಲ್ ಪಿಕಪ್ಪುಗಳಲ್ಲಿ ಎಕ್ಸಾಸ್ಟ್ ಬ್ರೇಕ್ ಇರುತ್ತದೆ: ಟರ್ಬೊದ ರೆಕ್ಕೆಗಳನ್ನು ಮುಚ್ಚಿ ಹೊಗೆಯ ದಾರಿಯನ್ನೇ ಬಿಗಿಹಿಡಿಯುತ್ತದೆ. ಪಕ್ಕದ ಮನೆಯವರ ಡೀಸೆಲ್ ಗಾಡಿಯಲ್ಲಿ ಇದೇ ಇಳಿಜಾರು ಇಳಿದಾಗ ಅವರು ಬ್ರೇಕ್ ಮುಟ್ಟಿದ್ದೇ ಅಪರೂಪ. ಡೀಸೆಲ್ ಬಗ್ಗೆ ನನಗೆ ಹೊಟ್ಟೆಕಿಚ್ಚು ಹುಟ್ಟಿದ್ದು ಆ ದಿನ.

8. ಮೈಲೇಜ್ ತಿನ್ನುವುದು ಗಾಳಿ

ಭಾರ ಎಳೆದರೆ ಪೆಟ್ರೋಲ್ ಹೆಚ್ಚು ಬೇಕು ಎಂಬುದು ಗೊತ್ತಿತ್ತು. ಸಪಾಟು ರಸ್ತೆಯಲ್ಲಿ ಭಾರಕ್ಕಿಂತ ಕ್ಯಾಂಪರಿನ ಎತ್ತರದ ಮೂತಿ ದುಬಾರಿ ಎಂಬುದು ಗೊತ್ತಿರಲಿಲ್ಲ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 65 ಮೈಲಿಯಿಂದ 75ಕ್ಕೆ ಹೋದರೆ ಮೂರನೇ ಒಂದು ಭಾಗ ಹೆಚ್ಚು. ಇದು ಪೆಟ್ರೋಲಿಗೂ ಡೀಸೆಲ್ಲಿಗೂ ಒಂದೇ. ವಯೋಮಿಂಗ್ ರಾಜ್ಯದಲ್ಲಿ ಲಾರಮಿಯಿಂದ ರಾಲಿನ್ಸ್‌ವರೆಗಿನ ಐ-80 ಹೆದ್ದಾರಿ ಬಿರುಗಾಳಿಗೆ ಹೆಸರಾದದ್ದು. ಎದುರುಗಾಳಿಗೆ ಸಿಕ್ಕಿದ ದಿನ ನನ್ನ ಗಾಡಿಯ ಪೆಟ್ರೋಲ್ ಮುಳ್ಳು ಕಣ್ಣೆದುರೇ ಇಳಿಯಿತು.

ಈಗ 62 ಮೈಲಿ ದಾಟುವುದಿಲ್ಲ. ಎಷ್ಟೋ ಟ್ರೈಲರ್ ಟೈರುಗಳ ವೇಗದ ಮಿತಿಯೇ 65. ಕ್ಯಾಲಿಫೋರ್ನಿಯಾದಲ್ಲಂತೂ ಟ್ರೈಲರ್ ಎಳೆಯುವವರಿಗೆ ಕಾನೂನಿನ ಮಿತಿಯೇ 55.

9. ಬಂಕಿನೊಳಗೆ ನುಗ್ಗುವ ಮುನ್ನ ಹೊರಬರುವ ದಾರಿ ನೋಡಿ

ಕ್ಯಾಂಪರ್ ಎಳೆಯುವಾಗ ನನಗೆ ಸಿಗುವುದು ಗ್ಯಾಲನ್ನಿಗೆ ಸುಮಾರು 9 ಮೈಲಿ. ಲೀಟರಿಗೆ 4 ಕಿಲೋಮೀಟರಿಗೂ ಕಡಿಮೆ. 24 ಗ್ಯಾಲನ್ನಿನ ಟ್ಯಾಂಕಿನಲ್ಲಿ ಕಾಲುಭಾಗ ಉಳಿಸಿಕೊಂಡರೆ 160 ಮೈಲಿಗೊಮ್ಮೆ ಬಂಕ್ ಬೇಕು. ಪಶ್ಚಿಮದ ಬಯಲುಗಳಲ್ಲಿ ಬಂಕ್ ಎಲ್ಲಿದೆ ಎಂದು ನೋಡಿಕೊಂಡೇ ಹೊರಡಬೇಕು.

ಡೀಸೆಲ್ಲಿನವರು ಲಾರಿಗಳಿಗೆಂದು ಮಾಡಿದ ಅಗಲವಾದ ಸಾಲಿಗೆ ನೇರ ಹೋಗಿ ನೇರ ಹೊರಬರುತ್ತಾರೆ. ಪೆಟ್ರೋಲಿನವರು ಕಾರುಗಳ ನಡುವೆ ನುಸುಳಬೇಕು. ಪಿಕಪ್ಪು ಕ್ಯಾಂಪರು ಸೇರಿ ನಾವು 46 ಅಡಿ. ಒಂದು ಸಣ್ಣ ಊರಿನ ಬಂಕಿನಲ್ಲಿ ಪಂಪುಗಳ ಸಾಲು ಅಂಗಡಿಯ ಗೋಡೆಗೆ ಎದುರಾಗಿತ್ತು. ಒಳಗೆ ಹೋದೆ, ಸುಲಭವಾಗಿಯೇ ಹೋದೆ. ಹೊರಬರಲು ಹಿಂದಿದ್ದ ಕಾರುಗಳವರೆಲ್ಲ ಇಳಿದು ನಿಂತು, ತಲಾ ಒಂದು ಸಲಹೆ ಕೊಟ್ಟು ಸಹಕರಿಸಬೇಕಾಯಿತು. ಈಗ ಕ್ಯಾಂಪರುಗಳಿಗೆಂದೇ ಪೆಟ್ರೋಲ್ ಪಂಪ್ ಇರುವ ಟ್ರಕ್ ಸ್ಟಾಪುಗಳನ್ನು ಮೊದಲೇ ಗುರುತಿಸಿಕೊಳ್ಳುತ್ತೇನೆ. ಸಿಗದಿದ್ದರೆ ಕಟ್ಟಕಡೆಯ ಪಂಪ್.

ಇನ್ನೊಂದು ಮಾತು. ಕೊಲರಾಡೊದ ಬಂಕುಗಳಲ್ಲಿ ಅಗ್ಗದ ಪೆಟ್ರೋಲ್ 85 ಆಕ್ಟೇನಿನದು. ನನ್ನ ಗಾಡಿಯ ಕೈಪಿಡಿ ಕೇಳುವುದು ಕನಿಷ್ಠ 87. ಭಾರ ಎಳೆಯುವಾಗ ಕಡಿಮೆ ಆಕ್ಟೇನ್ ಹಾಕಿದರೆ ಎಂಜಿನ್ ಬಡಿದುಕೊಳ್ಳದಂತೆ ಕಂಪ್ಯೂಟರ್ ಕಿಡಿಯ ಸಮಯವನ್ನು ತಡಮಾಡುತ್ತದೆ, ಶಕ್ತಿ ಇನ್ನಷ್ಟು ಇಳಿಯುತ್ತದೆ. ಚಿಲ್ಲರೆ ಉಳಿಸಲು 85 ಹಾಕಿಸಿ, ಸುರಂಗದ ಏರನ್ನು ನಾನೇ ಇನ್ನಷ್ಟು ಕಡಿದಾಗಿಸಿಕೊಂಡಿದ್ದೆ.

10. ಉಳಿತಾಯದ ಲೆಕ್ಕವನ್ನು ನಿಮ್ಮ ಓಡಾಟದ ಮೇಲೆ ಹಾಕಿ

ಡೀಸೆಲ್ ಎಂಜಿನ್ ಬೇಕೆಂದರೆ ದೊಡ್ಡ ಪಿಕಪ್ಪುಗಳಲ್ಲಿ ಸುಮಾರು 10,000 ಡಾಲರ್ ಹೆಚ್ಚು ಕೊಡಬೇಕು. ವರ್ಷಕ್ಕೆ 4,000 ಮೈಲಿ ಕ್ಯಾಂಪರ್ ಎಳೆಯುತ್ತೀರಿ ಎಂದುಕೊಳ್ಳಿ. ಪೆಟ್ರೋಲಿನಲ್ಲಿ ಗ್ಯಾಲನ್ನಿಗೆ 9 ಮೈಲಿ, ಬೆಲೆ 3.20 ಡಾಲರ್ ಎಂದಿಟ್ಟರೆ ಖರ್ಚು 1,422 ಡಾಲರ್. ಡೀಸೆಲ್ಲಿನಲ್ಲಿ 12 ಮೈಲಿ, ಬೆಲೆ 3.80 ಎಂದಿಟ್ಟರೆ 1,267. ಉಳಿದದ್ದು 155 ಡಾಲರ್. ಆ 10,000 ವಾಪಸಾಗುವ ಹೊತ್ತಿಗೆ ಗಾಡಿ ಮೊಮ್ಮಕ್ಕಳ ಕೈಯಲ್ಲಿರುತ್ತದೆ. ಜೊತೆಗೆ ಡೀಸೆಲ್ಲಿಗೆ ಎಂಜಿನ್ ಆಯಿಲ್ ಹೆಚ್ಚು ಬೇಕು, ಇಂಧನದ ಫಿಲ್ಟರ್ ಬದಲಿಸಬೇಕು, ಹೊಗೆ ಶುದ್ಧಿಗೆ ಡಿಇಎಫ್ ದ್ರವ ತುಂಬಿಸಬೇಕು. ವಾರವೆಲ್ಲ ಆಫೀಸಿಗೆ ಎರಡೆರಡು ಮೈಲಿ ಓಡಿಸಿದರೆ ಮಸಿ ಹಿಡಿಯುವ ಫಿಲ್ಟರ್ ಸರಿಯಾಗಿ ಕಾಯದೆ ಕಟ್ಟಿಕೊಳ್ಳುತ್ತದೆ.

ನ್ಯಾಯವಾಗಿ ಹೇಳಬೇಕೆಂದರೆ, ಮಾರುವಾಗ ಡೀಸೆಲ್ಲಿಗೆ ಹೆಚ್ಚು ಬೆಲೆ ಬರುತ್ತದೆ. ವರ್ಷಕ್ಕೆ ಹತ್ತಿಪ್ಪತ್ತು ಸಾವಿರ ಮೈಲಿ ಎಳೆಯುವವರ ಲೆಕ್ಕವೂ ಬೇರೆಯೇ.

11. ಡೀಸೆಲ್ ಬೇಕಾದಲ್ಲಿ ಮೊಂಡುತನ ಬೇಡ

ಪಿಕಪ್ಪಿನ ತೊಟ್ಟಿಯೊಳಗೇ ಸಿಕ್ಕಿಸುವ ಫಿಫ್ತ್ ವೀಲ್ ಟ್ರೈಲರುಗಳ ತೂಕದಲ್ಲಿ ಶೇಕಡಾ 15ರಿಂದ 25 ಗಾಡಿಯ ಮೇಲೆ ಕೂರುತ್ತದೆ. 12,000–14,000 ಪೌಂಡಿನ ಅಂಥ ಮನೆ ಕಟ್ಟಿಕೊಂಡು, ತಿಂಗಳುಗಟ್ಟಲೆ ರಾಕಿ ಪರ್ವತಗಳಲ್ಲಿ ತಿರುಗುವವರು ಡೀಸೆಲ್ಲನ್ನೇ ತೆಗೆದುಕೊಳ್ಳಲಿ, ಅದೂ ಒಂದು ಟನ್ ವರ್ಗದ ಗಾಡಿಯಲ್ಲಿ. ನನ್ನಂತೆ ಬೇಸಿಗೆ ರಜೆಯಲ್ಲಿ, ಉದ್ದ ವಾರಾಂತ್ಯಗಳಲ್ಲಿ 6,000–7,000 ಪೌಂಡ್ ಎಳೆಯುವವರಿಗೆ ಪೆಟ್ರೋಲ್ ಸಾಕು. ನಿಧಾನ, ಸದ್ದು, ಪದೇ ಪದೇ ಬಂಕು ಇವು ಮೂರಕ್ಕೂ ಒಪ್ಪಿಗೆ ಇರಬೇಕು, ಅಷ್ಟೆ.

ಇನ್ನೊಮ್ಮೆ ಕೊಳ್ಳುವುದಾದರೆ ನಾನು ಶುರುಮಾಡುವ ಕಡೆಯೇ ಬೇರೆ. ಮೊದಲು ಕ್ಯಾಂಪರ್ ಆರಿಸುತ್ತೇನೆ. ಅದರ ಖಾಲಿ ತೂಕ ಬಿಟ್ಟು, ತುಂಬಿದಾಗಿನ ಗರಿಷ್ಠ ತೂಕ ಬರೆದುಕೊಳ್ಳುತ್ತೇನೆ. ಅದರ ಶೇಕಡಾ 15ಕ್ಕೆ ಮನೆಮಂದಿಯ ತೂಕವನ್ನು, ಊರಿಂದ ಬರುವ ಅಪ್ಪ ಅಮ್ಮನನ್ನೂ ಸೇರಿಸಿ, ಕೂಡಿಸುತ್ತೇನೆ. ಆ ಚೀಟಿ ಹಿಡಿದು ಗಾಡಿ ಅಂಗಡಿಗೆ ಹೋಗಿ, ಬಾನೆಟ್ ಎತ್ತುವ ಮೊದಲು ಚಾಲಕನ ಬಾಗಿಲು ತೆರೆದು ಸ್ಟಿಕ್ಕರ್ ಓದುತ್ತೇನೆ. ಅಂಕಿ ಸಾಲದಿದ್ದರೆ ಒಳಗಿರುವ ಎಂಜಿನ್ ಯಾವುದೆಂದು ಕೇಳುವ ಗೋಜಿಗೂ ಹೋಗದೆ ಮುಂದಿನ ಗಾಡಿಯ ಬಾಗಿಲಿಗೆ ನಡೆಯುತ್ತೇನೆ.